ಮುಳ್ಳು ಚುಚ್ಚಿದ್ದು ಗೊತ್ತಾಯಿತೇ? ಹಾಗಾದರೆ ನೀವು ಪುಣ್ಯವಂತರು!

ಚಳ್ಳಕೆರೆ ಸೀಮೆಯ ಕ್ಯಾತಪ್ಪನ ಜಾತ್ರೆ ನೋಡಿದ್ದೀರಾ? ಇಲ್ಲವಾದರೆ ಕೇಳಿ. ಬಾರೆ ಕಳ್ಳೆ ಮುಳ್ಳನ್ನೇ ಒಟ್ಟಿ ಕಟ್ಟಿದ ಗುಡಿ. ಸುತ್ತಲೂ ಮುಳ್ಳು, ನೆತ್ತಿಯ ಮೇಲೂ ಮುಳ್ಳು. ಅದರ ತುದಿಯಲ್ಲೊಂದು ಕಳಶ. ಕಾಡುಗೊಲ್ಲರ ಹುಡುಗರು ಆ ಮುಳ್ಳಿನ ರಾಶಿಗೆ ನುಗ್ಗುತ್ತಾರೆ, ಹತ್ತುತ್ತಾರೆ, ಕಳಶ ಕೀಳುತ್ತಾರೆ. ಕಾಲಿಗೆ ಚಪ್ಪಲಿ? ಇಲ್ಲವೇ ಇಲ್ಲ. ಬರಿಗಾಲು!

ನನಗೆ ಒಂದು ನೆಗ್ಗಿಲು ಮುಳ್ಳು ತಾಗಿದರೂ ಬೀದಿಗೆಲ್ಲ ಕೇಳಿಸುತ್ತದೆ. ಅದು ಬೇರೆ ಮಾತು.

ಭಕ್ತಿಯ ವಿಷಯ ಭಕ್ತರಿಗೇ ಇರಲಿ. ನನ್ನ ಕಣ್ಣೆಲ್ಲ ಆ ಪಾದಗಳ ಮೇಲೆ! ಈಗ ನಿಮಗೊಂದು ಪ್ರಶ್ನೆ. ಹುಟ್ಟಿದಾಗಿನಿಂದ ಬರಿಗಾಲಲ್ಲೇ ನಡೆದು ಅಂಗಾಲು ದಪ್ಪಗಾದ ಕುರಿಗಾಹಿ ಒಬ್ಬರು. ಸದಾ ಶೂ ಹಾಕುವ ಬ್ಯಾಂಕ್ ಮೇನೇಜರು ಇನ್ನೊಬ್ಬರು. ನೆಲದ ಸ್ಪರ್ಶ ಯಾರ ಅಂಗಾಲಿಗೆ ಕಡಿಮೆ ತಿಳಿಯುತ್ತದೆ?

ಕುರಿಗಾಹಿಗೆ ಅಂದಿರಾ? ತಪ್ಪು!

ಕೆನ್ಯಾದಲ್ಲಿ ಹಾರ್ವರ್ಡಿನ ಡ್ಯಾನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಇದನ್ನೇ ಅಳೆದರು. ಬರಿಗಾಲಿನವರ ಅಂಗಾಲು ದಪ್ಪವಾಗಿತ್ತು, ಗಟ್ಟಿಯಾಗಿತ್ತು, ನಿಜ. ಸ್ಪರ್ಶಜ್ಞಾನ? ಎಳ್ಳಷ್ಟೂ ಕಡಿಮೆ ಇರಲಿಲ್ಲ! 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಗಟ್ಟಿ ಚರ್ಮ ಒತ್ತಡವನ್ನು ನುಂಗುವುದಿಲ್ಲ, ಒಳಗಿನ ನರಕ್ಕೆ ಹಾಗೇ ದಾಟಿಸುತ್ತದಂತೆ. ಕಾಪಾಡುವುದೂ ಅದೇ, ಸುದ್ದಿ ಮುಟ್ಟಿಸುವುದೂ ಅದೇ!

ಈ ‘ಸುದ್ದಿ’ಯನ್ನು ನೆನಪಿಡಿ. ಮುಂದೆ ಅದೇ ಜೀವ ಉಳಿಸುತ್ತದೆ.

ಈಗ ಎಣಿಕೆ. ಮೈಯಲ್ಲಿ 206 ಮೂಳೆ. ಎರಡು ಪಾದಗಳ ಪಾಲು ಎಷ್ಟು? ಹತ್ತು? ಇಪ್ಪತ್ತು? ಊಹಿಸಿ!

52! ಒಂದೊಂದು ಪಾದಕ್ಕೆ 26. ಇಡೀ ಅಸ್ಥಿಪಂಜರದ ಕಾಲು ಭಾಗ ಚಪ್ಪಲಿಯ ಮೇಲೆ ನಿಂತಿದೆ! ಒಂದೊಂದು ಪಾದದಲ್ಲಿ 33 ಕೀಲು ಬೇರೆ.

ಎದ್ದು ನಿಲ್ಲಿ. ಹೌದು, ಈಗಲೇ! ಚಪ್ಪಲಿ ಬಿಡಿ. ಬೇರೆಯವರಿಗೆ ಹೇಳಿ ನಿಮ್ಮ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿ. ಈಗ ಪಾದದ ಒಳಬದಿ ನೋಡಿ. ಕಮಾನು ತಾನೇ ಏಳುತ್ತಿದೆ! ನೀವು ಏನೂ ಮಾಡಲಿಲ್ಲ! ಅಂಗಾಲಿನಡಿ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಗಟ್ಟಿ ಪಟ್ಟಿಯೊಂದಿದೆ. ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡಂತೆ ಅದು ಬೆರಳಿನ ಬುಡಕ್ಕೆ ಸುತ್ತಿ ಬಿಗಿಯುತ್ತದೆ. 1954ರಲ್ಲಿ ಹಿಕ್ಸ್ ಎಂಬ ವೈದ್ಯರು ಈ ಗುಟ್ಟು ಬಿಡಿಸಿದರು.

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ನೋವು, ನಾಲ್ಕಾರು ಹೆಜ್ಜೆ ಆದಮೇಲೆ ಕಡಿಮೆ. ಹೊಸದುರ್ಗದ ಟೀಚರಮ್ಮನಿಂದ ಹಿರಿಯೂರಿನ ಕಂಡಕ್ಟರರವರೆಗೆ, ದಿನವಿಡೀ ನಿಂತು ದುಡಿಯುವ ಎಷ್ಟೋ ಜನರಿಗೆ ಇದು ಚಿರಪರಿಚಿತ. ತಪ್ಪಿತಸ್ಥ ಸಾಮಾನ್ಯವಾಗಿ ಇದೇ ಪಟ್ಟಿ! ಎಕ್ಸ್-ರೇಯಲ್ಲಿ ‘ಮೂಳೆ ಬೆಳೆದಿದೆ’ ಎಂದು ಕಂಡರೆ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಆ ಮೊನೆ ಇರುತ್ತದೆ! ಮೀನಖಂಡವನ್ನೂ ಅಂಗಾಲನ್ನೂ ದಿನಾ ಎಳೆದು ಸಡಿಲಿಸಿ, ಮೆತ್ತನೆ ಚಪ್ಪಲಿ ಹಾಕಿ, ತಾಳ್ಮೆ ತಂದುಕೊಳ್ಳಿ. ಹೆಚ್ಚಿನವರಿಗೆ ಇಷ್ಟರಲ್ಲೇ ವಾಸಿ. ತಿಂಗಳುಗಟ್ಟಲೆ ಇಳಿಯದಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಜೋಮು ಹಿಡಿದರೆ ವೈದ್ಯರ ಹತ್ತಿರ ಹೊರಡಿ.

ನಮ್ಮ ಚಿತ್ರದುರ್ಗ ಜಿಲ್ಲೆಗೆ ಇನ್ನೊಂದು ಮಾತೂ ಸೇರಿಸಬೇಕು. ಇಲ್ಲಿನ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅಮೆರಿಕದಲ್ಲಿ ಮೂಳೆ ಸವೆತಕ್ಕೆ ಫ್ಲೋರೈಡನ್ನೇ ಔಷಧವಾಗಿ ಕೊಟ್ಟು ನೋಡಿದರು. 1990ರಲ್ಲಿ ಫಲಿತಾಂಶ ಬಂತು. ಔಷಧ ತಿಂದವರಿಗೆ ಎಲ್ಲಿ ನೋವು ಬಂತು ಗೊತ್ತೇ? ಕಾಲಿನ ಕೆಳಭಾಗದಲ್ಲಿ! ಅಲ್ಲಿ ಕೊಟ್ಟದ್ದು ದೊಡ್ಡ ಪ್ರಮಾಣ, ಎಲ್ಲರ ಹಿಮ್ಮಡಿ ನೋವಿಗೂ ನೀರೇ ಕಾರಣ ಅನ್ನಲಾಗದು. ಆದರೆ ಹಲ್ಲು ಕಂದಿದ್ದು, ಬೆನ್ನು ಬಿಗಿದದ್ದು, ಕಾಲು ನೋವು ಮೂರೂ ಒಟ್ಟಿಗೆ ಇದ್ದರೆ ನೀವು ಕುಡಿಯುವ ನೀರು ಯಾವುದೆಂದು ವೈದ್ಯರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ!

ಈಗ ಏಳುಸುತ್ತಿನ ಕೋಟೆಗೆ ಬನ್ನಿ. ಒನಕೆ ಓಬವ್ವನ ಕಿಂಡಿ ನೋಡುವ ಆತುರ. ಜಾರು ಬಂಡೆ. ಟಕ್! ಕಾಲು ಹೊರಳಿತು. ಉಳುಕೋ, ಮೂಳೆ ಮುರಿತವೋ? ಕೋಟೆಯ ಮೇಲೆ ಎಕ್ಸ್-ರೇ ಎಲ್ಲಿ?

ಎಕ್ಸ್-ರೇ ಯಾಕೆ! ನಾಲ್ಕು ಹೆಜ್ಜೆ ಸಾಕು!

ಹೌದು, ನಾಲ್ಕೇ ಹೆಜ್ಜೆ! ಕೆನಡಾದ ಒಟ್ಟಾವದಲ್ಲಿ ಡಾ. ಇಯಾನ್ ಸ್ಟೀಲ್ 1992ರಲ್ಲಿ ಕೊಟ್ಟ ಸೂತ್ರ ಇದು. ಕುಂಟುತ್ತಾದರೂ ನಾಲ್ಕು ಹೆಜ್ಜೆ ಇಡಲಾಗುತ್ತದೆಯೇ? ಹರಡಿನ ಎರಡೂ ಪಕ್ಕ ಉಬ್ಬಿರುವ ಮೂಳೆಯ ತುದಿ, ಅದರ ಹಿಂಬದಿಯ ಅಂಚು, ಪಾದದ ಹೊರ ಅಂಚಿನ ನಡುವೆ ಎದ್ದ ಮೂಳೆ, ಒಳಬದಿಯಲ್ಲಿ ಕಮಾನಿನ ಮೇಲಿನ ಮೂಳೆ, ಇವನ್ನು ಒತ್ತಿದರೆ ಜೀವ ಹೋಗುವ ನೋವಿಲ್ಲವೇ? ಹಾಗಾದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಹೆಜ್ಜೆ ಇಡಲಾಗದಿದ್ದರೆ ಅಥವಾ ಅಲ್ಲಿ ಒತ್ತಲು ಬಿಡದಷ್ಟು ನೋವಿದ್ದರೆ, ಅಂದೇ ಆಸ್ಪತ್ರೆ. ‘ಉಳುಕು ತೆಗೆಯುತ್ತೇನೆ’ ಎಂದು ಎಣ್ಣೆ ಹಚ್ಚಿ ಎಳೆಯುವವರ ಕೈಗೆ ಎಕ್ಸ್-ರೇಗೆ ಮುಂಚೆ ಕಾಲು ಕೊಡಬೇಡಿ. ಮುರಿದ ಮೂಳೆಯನ್ನು ನೀವಿದರೆ ಏನಾದೀತು, ನೀವೇ ಯೋಚಿಸಿ!

ಇನ್ನೊಂದು ‘ಟಕ್’ ಇದೆ, ಇದು ಇನ್ನೂ ವಿಚಿತ್ರ. ಕಬಡ್ಡಿ ಆಡುತ್ತಿರುತ್ತೀರಿ. ಹಿಮ್ಮಡಿಯ ಮೇಲೆ ಯಾರೋ ಒದ್ದರು! ಸಿಟ್ಟಿನಿಂದ ಹಿಂತಿರುಗುತ್ತೀರಿ. ಯಾರೂ ಇಲ್ಲ! ಒದ್ದವರು ಯಾರು? ಯಾರೂ ಅಲ್ಲ. ಮೈಯಲ್ಲೇ ಅತಿ ಬಲವಾದ ಅಕಿಲಿಸ್ ಸ್ನಾಯುರಜ್ಜು ಹರಿದಿದೆ! ಬೋರಲು ಮಲಗಿಸಿ, ಪಾದ ಮಂಚದಾಚೆ ಇರಲಿ, ಮೀನಖಂಡ ಹಿಂಡಿ. ಪಾದ ಅಲುಗಿದರೆ ಸರಿ. ಅಲುಗದಿದ್ದರೆ ತಡಮಾಡಬೇಡಿ.

ಮುಳ್ಳಿನ ಕಥೆ ಮುಗಿದಿಲ್ಲ! ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿತು, ಪಿನ್ನಿನಿಂದ ತೆಗೆದಿರಿ, ಮರೆತಿರಿ. ತಿಂಗಳುಗಳಾದ ಮೇಲೆ ಅದೇ ಜಾಗ ಊದಿಕೊಂಡಿತು. ಎಕ್ಸ್-ರೇ ತೆಗೆಸಿದಿರಿ. ಏನೂ ಇಲ್ಲ! ನಿಜಕ್ಕೂ ಇಲ್ಲವೇ? ಇದೆ! ಸಸ್ಯದ ಮುಳ್ಳು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ! ‘ಅವತ್ತು ಮುಳ್ಳು ಚುಚ್ಚಿತ್ತು ಸರ್’ ಎಂಬ ಒಂದು ಮಾತು ವೈದ್ಯರಿಗೆ ಹೇಳಿದರೆ ಅರ್ಧ ರೋಗ ಪತ್ತೆ. ಆ ಮುಳ್ಳಿಗೆ ಟಿಟಿ ಇಂಜೆಕ್ಷನ್ ಆಗಿದೆಯೇ, ಅದನ್ನೂ ನೋಡಿಕೊಳ್ಳಿ.

ಆಣಿ, ಉಗುರುಸುತ್ತು, ಹಿಮ್ಮಡಿ ಒಡಕು, ನಡುರಾತ್ರಿ ಹೆಬ್ಬೆರಳು ಕೆಂಪಾಗಿ ಉರಿಯುವ ಗೌಟ್, ಇವೆಲ್ಲ ಕೂಗಿ ಹೇಳುವ ಕಾಯಿಲೆಗಳು. ಕೂಗುವವರ ಬಗ್ಗೆ ನನಗೆ ಚಿಂತೆಯಿಲ್ಲ.

ಕೂಗದ ಪಾದ! ಅಲ್ಲಿದೆ ಅಸಲಿ ಬೆರಗು, ಅಸಲಿ ಭಯ.

ವೆಲ್ಲೂರಿಗೆ ಬನ್ನಿ. 1946ರಲ್ಲಿ ಅಲ್ಲಿನ ಸಿಎಂಸಿ ಆಸ್ಪತ್ರೆಗೆ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಬಂದರು. ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲೇ, 1914ರಲ್ಲಿ. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ಆಗ ಎಲ್ಲರ ನಂಬಿಕೆ. ಆದರೆ ಕೆಲವರ ಬೆರಳು ರಾತ್ರೋರಾತ್ರಿ ಮಾಯವಾಗುತ್ತಿದ್ದವು! ಸಂಜೆ ಇದ್ದದ್ದು ಬೆಳಿಗ್ಗೆ ಇಲ್ಲ! ಎಲ್ಲಿಗೆ ಹೋದವು?

ಊಹಿಸಿ. ಆಗಲಿಲ್ಲವೇ?

ರಾತ್ರಿ ಕಾವಲು ಕೂತರು. ಇಲಿಗಳು! ಮಲಗಿದವರ ಬೆರಳನ್ನು ಇಲಿ ಕಡಿಯುತ್ತಿತ್ತು, ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ! ನೋವೇ ಇಲ್ಲವಲ್ಲ! ಮದ್ದು ಏನು ಗೊತ್ತೇ? ಮನೆಗೆ ಹೋಗುವ ರೋಗಿಯ ಜೊತೆಗೆ ಒಂದು ಬೆಕ್ಕು! ಇಷ್ಟು ಅಗ್ಗದ, ಇಷ್ಟು ಜಾಣ ಚಿಕಿತ್ಸೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಕೈಕಾಲು ತಿನ್ನುತ್ತಿದ್ದದ್ದು ಕೊಳೆತವಲ್ಲ, ನೋವಿಲ್ಲದಿರುವುದು! ಬ್ರಾಂಡ್ ಲೋಕಕ್ಕೆ ತೋರಿಸಿಕೊಟ್ಟದ್ದು ಇದನ್ನೇ. ಒಮ್ಮೆ ಲಂಡನ್ನಿನಲ್ಲಿ ದೀರ್ಘ ರೈಲು ಪ್ರಯಾಣ ಮುಗಿಸಿ ಕಾಲುಚೀಲ ಕಳಚಿದರೆ ಅವರ ಹಿಮ್ಮಡಿಗೇ ಸ್ಪರ್ಶವಿಲ್ಲ! ಪಿನ್ನು ಚುಚ್ಚಿಕೊಂಡರು. ರಕ್ತ ಬಂತು, ನೋವಿಲ್ಲ! ತನಗೂ ರೋಗ ಬಂತೆಂದು ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ಮತ್ತೆ ಚುಚ್ಚಿಕೊಂಡರು. ಅಯ್ಯೋ ಎಂದು ಕೂಗಿದರು! ಇಡೀ ವೈದ್ಯಲೋಕದಲ್ಲಿ ನೋವಿಗೆ ಇಷ್ಟು ಹಿಗ್ಗಿದವರು ಇನ್ನೊಬ್ಬರು ಇರಲಿಕ್ಕಿಲ್ಲ. ರೈಲಿನಲ್ಲಿ ಕೂತಲ್ಲೇ ಕೂತು ನರ ಮರಗಟ್ಟಿತ್ತು, ಅಷ್ಟೇ!

ಇದೆಲ್ಲ ಹಳೆಯ ರೋಗದ ಹಳೆಯ ಕಥೆ ಅಂದುಕೊಂಡಿರಾ? ಇಂದು ಪಾದದ ನರಗಳನ್ನು ಅದೇ ರೀತಿ ಮರಗಟ್ಟಿಸುವ ಕಾಯಿಲೆ ನಿಮ್ಮ ಪಡಸಾಲೆಯಲ್ಲೇ ಕೂತು ಕಾಫಿ ಕುಡಿಯುತ್ತಿರಬಹುದು. ಹೆಸರು? ಶುಗರ್!

ಶುಗರ್ ಇದ್ದವರಿಗೆ ಅನುಭವಿ ವೈದ್ಯರು ಕೇಳುವ ಪ್ರಶ್ನೆ ಒಂದಿದೆ: ‘ನಡೆಯುವಾಗ ಚಪ್ಪಲಿ ಕಳಚಿಹೋದರೂ ನಿಮಗೆ ಗೊತ್ತಾಗುವುದಿಲ್ಲವೇ?’ ಒಂದು ಚಪ್ಪಲಿ ಅಂಗಡಿ ಮುಂದೆ ಬಿಟ್ಟು ಅಜ್ಜ ಮನೆಗೆ ಬಂದರೆ ನಾವು ಮರೆವು ಎಂದು ನಗುತ್ತೇವೆ. ಅದು ಮರೆವಲ್ಲದಿರಬಹುದು, ನರ ಸತ್ತಿರಬಹುದು! ಏಪ್ರಿಲ್ ಮಧ್ಯಾಹ್ನ ಗುಡಿಯ ಕಾದ ಕಲ್ಲುಹಾಸಿನ ಮೇಲೆ ಅಂಥವರು ನಿಧಾನಕ್ಕೆ ಪ್ರದಕ್ಷಿಣೆ ಹಾಕುತ್ತಾರೆ. ಮನೆಗೆ ಬಂದು ನೋಡಿದರೆ ಅಂಗಾಲಿಡೀ ಬೊಬ್ಬೆ!

ಇದಕ್ಕಿಂತ ಮೋಸದ್ದು ಇನ್ನೊಂದು. ಪಾದ ಊದಿದೆ. ಕೆಂಪಾಗಿದೆ. ಮುಟ್ಟಿದರೆ ಬಿಸಿ. ಆದರೆ ನೋವು ಅಷ್ಟಕ್ಕಷ್ಟೇ! ‘ನೋವಿಲ್ಲವಲ್ಲ’ ಎಂದು ನಡೆಯುತ್ತಲೇ ಇರುತ್ತಾರೆ. ಒಳಗೆ ಮೂಳೆಗಳು ಪುಡಿಯಾಗುತ್ತಿರುತ್ತವೆ! ಇದು ಶಾರ್ಕೋ ಪಾದ. ಇವರಿಗೆ ಒಟ್ಟಾವದ ನಾಲ್ಕು ಹೆಜ್ಜೆಯ ಸೂತ್ರ ನಡೆಯುವುದಿಲ್ಲ. ಮುರಿದ ಕಾಲಲ್ಲೂ ಆರಾಮಾಗಿ ನಡೆದುಬಿಡುತ್ತಾರೆ! ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಅನಿಸಿದರೆ ಆ ಕಾಲು ನೆಲಕ್ಕಿಡದೆ ಅಂದೇ ವೈದ್ಯರಲ್ಲಿಗೆ. ಹುಣ್ಣು, ಕಪ್ಪಾದ ಬೆರಳು, ಕೀವು, ದುರ್ವಾಸನೆ ಕಂಡರೂ ಅಂದೇ. ನಾಳೆ ಅನ್ನಬೇಡಿ!

ಪಾದ ಹೀಗೆ ಮರಗಟ್ಟಿರುವುದನ್ನು ಮನೆಯಲ್ಲೇ ಪತ್ತೆ ಮಾಡಬಹುದೇ? ಬೇಕಾದ ಸಲಕರಣೆ ಏನು, ಬೆಲೆ ಎಷ್ಟು? ನಿಮ್ಮ ತೋರುಬೆರಳು, ಬಿಟ್ಟಿ!

ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ಹುಟ್ಟಿದ, 2011ರಲ್ಲಿ ಪ್ರಕಟವಾದ ಪರೀಕ್ಷೆ. ಅಜ್ಜಿ ಮಲಗಲಿ, ಕಣ್ಣು ಮುಚ್ಚಲಿ. ಪ್ರತಿ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಮೆಲ್ಲಗೆ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಕಚಗುಳಿ ಇಡಬೇಡಿ! ಎಡವೋ ಬಲವೋ ಅಜ್ಜಿ ಹೇಳಬೇಕು. ಎರಡು ಬೆರಳಿಗೆ ಗೊತ್ತಾಗಲಿಲ್ಲವೇ? ಪಾದ ಸುದ್ದಿ ಕಳಿಸುವುದನ್ನು ನಿಲ್ಲಿಸುತ್ತಿದೆ!

ಆಸ್ಪತ್ರೆಯಲ್ಲಿ ಇದನ್ನೇ ನೈಲಾನ್ ಎಳೆಯೊಂದರಿಂದ ಅಳೆಯುತ್ತಾರೆ. ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ! ನಿಮ್ಮೂರಿನಲ್ಲಿ ‘ಪೋಡಿಯಾಟ್ರಿಸ್ಟ್’ ಎಂಬ ಬೋರ್ಡು ಹುಡುಕಿ ಸಿಗದಿದ್ದರೆ ಗಾಬರಿ ಬೇಡ. ಹೊಳಲ್ಕೆರೆಯಾದರೇನು ಹಿರಿಯೂರಾದರೇನು, ತಾಲ್ಲೂಕು ಆಸ್ಪತ್ರೆಯ ಶುಗರ್-ಬಿಪಿ ನೋಡುವ ವೈದ್ಯರಿಂದ ಶುರುಮಾಡಿ. ಮೂಳೆಯ ತೊಂದರೆಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಇದೆ. ಪಾದಕ್ಕೆಂದೇ ವಿಭಾಗ ಬೇಕಾದರೆ ಬೆಂಗಳೂರಿನಲ್ಲಿ ಸರ್ಕಾರದ್ದೇ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಇದೆ.

ಹೊರಡುವ ಮುಂಚೆ ಒಂದು ಕೆಲಸ. ಹಬ್ಬಕ್ಕೆ ತಂದ ಹೊಸ ಜೋಡು ಬೇಡ, ದಿನಾ ಮೆಟ್ಟುವ ಹಳೇ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಎಲ್ಲಿ ಸವೆದಿದೆ, ಎಲ್ಲಿ ಕುಳಿ ಬಿದ್ದಿದೆ ಎಂದು ನೋಡಿಯೇ ಬಲ್ಲ ವೈದ್ಯರು ನಿಮ್ಮ ಭಾರ ಪಾದದ ಯಾವ ಜಾಗಕ್ಕೆ ಬೀಳುತ್ತಿದೆ ಎಂದು ಹೇಳಿಬಿಡುತ್ತಾರೆ!