ಅವರನ್ನೇ ಕೇಳಿ

"ರಾತ್ರಿ ನಿದ್ದೆ ಮಾಡ್ತಾನಾ? ಮಾತ್ರೆ ಸರಿಯಾಗಿ ತಗೋತಾನಾ? ಒಬ್ಬನೇ ಮಾತಾಡ್ಕೊಳ್ಳೋದು ಕಡಿಮೆ ಆಗಿದೆಯಾ?" ವೈದ್ಯರು ಕೇಳುತ್ತಾರೆ, ಅಣ್ಣ ಉತ್ತರ ಕೊಡುತ್ತಾನೆ. ಕಾಯಿಲೆಯಿರುವ ತಮ್ಮ ಅದೇ ಬೆಂಚಿನ ಮೇಲೆ ಕೂತಿರುತ್ತಾನೆ. ಐದು ನಿಮಿಷದಲ್ಲಿ ಚೀಟಿ ಬರೆದಾಗುತ್ತದೆ. ತೀವ್ರ ಮನೋರೋಗ ಇರುವವರು ಮಾತ್ರೆ ಬಿಟ್ಟುಬಿಡುವುದಕ್ಕೂ ಆಸ್ಪತ್ರೆಯ ಹೆಸರೆತ್ತಿದರೆ ಮುಖ ತಿರುಗಿಸುವುದಕ್ಕೂ ಹಲವು ಕಾರಣಗಳಿವೆ. ತಮ್ಮ ಕಾಯಿಲೆಯ ಬಗ್ಗೆ ತಮ್ಮನ್ನೇ ಯಾರೂ ಮಾತಾಡಿಸಲಿಲ್ಲ ಎಂಬುದು ಅವುಗಳಲ್ಲಿ ಒಂದು.

ಕಿವಿಯಲ್ಲಿ ಯಾರೋ ಬೈಯುತ್ತಿದ್ದಾರೆ, ಟೀವಿಯಲ್ಲಿ ನನ್ನದೇ ಸುದ್ದಿ ಬರುತ್ತಿದೆ, ಊಟದಲ್ಲಿ ವಿಷ ಬೆರೆಸಿದ್ದಾರೆ. ಇಂಥ ಮನೋರೋಗಗಳಲ್ಲಿ ಒಂದಾದ ಸ್ಕಿಜೋಫ್ರೀನಿಯಾ ಇರುವವರಿಗೆ ಇವೆಲ್ಲ ಎದುರಿನ ಗೋಡೆಯಷ್ಟೇ ನಿಜ. "ಹಾಗೇನೂ ಇಲ್ಲ, ಸುಮ್ಮನಿರು" ಅಂದಾಗ ಅವರಿಗೆ ಸಮಾಧಾನ ಸಿಗುವುದಿಲ್ಲ. ನನ್ನ ಮಾತನ್ನು ಇವರೂ ನಂಬಲಿಲ್ಲ ಎಂಬ ನೋವು ಮಾತ್ರ ಉಳಿಯುತ್ತದೆ. ಈ ಕಾಯಿಲೆಗೆ ಇನ್ನೊಂದು, ಸದ್ದಿಲ್ಲದ ಮುಖವೂ ಇದೆ. ಸ್ನಾನ ಬೇಡ, ಕೆಲಸ ಬೇಡ, ಯಾರ ಜೊತೆಗೂ ಮಾತು ಬೇಡ. ಮನೆಯವರು ಹೆಚ್ಚಾಗಿ ಜಗಳಕ್ಕೆ ಬೀಳುವುದು ಇದರ ಮೇಲೆಯೇ, ಏಕೆಂದರೆ ಹೊರಗಿನಿಂದ ನೋಡುವವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ. 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಬದುಕಿನ ಯಾವುದಾದರೂ ಹಂತದಲ್ಲಿ ಇಂಥ ಕಾಯಿಲೆಗೆ ಸಿಲುಕುತ್ತಾರೆ. ಅಂದರೆ ಯಾವ ದೊಡ್ಡ ಹಳ್ಳಿಯೂ ಇದರಿಂದ ಹೊರಗಿಲ್ಲ.

ಆದರೂ ಇದನ್ನು ಮುಚ್ಚಿಡುತ್ತೇವೆ. ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತ ತಿಂಗಳುಗಳು ಕಳೆಯುತ್ತವೆ. ದೇವರಿಗೆ ಹರಕೆ ಹೊತ್ತರೆ ನಷ್ಟವೇನಿಲ್ಲ. ಹರಕೆಯ ಜೊತೆ ಮಾತ್ರೆಯೂ ಸಾಗಬಹುದು. ಹಗ್ಗ, ಸರಪಳಿ ಬಂದಾಗ ಮಾತು ಬೇರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟು ಸತ್ತರು. ಇನ್ನು "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ಮಾತು. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಹೊಸ ಸಂಸಾರದಲ್ಲಿ ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ಕ್ರಮೇಣ ಅದೂ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ. ಆಗ ಎರಡು ಮನೆಗಳು ಒಡೆಯುತ್ತವೆ. ಸಿನಿಮಾದವರಿಗೆ ಕೊಲೆಗಾರ ಬೇಕೆಂದರೆ "ಸೈಕೋ" ಒಬ್ಬ ಸಿದ್ಧವಾಗಿರುತ್ತಾನೆ. ನಿಜವಾಗಿ ಈ ಕಾಯಿಲೆಯವರು ಇತರರಿಗೆ ಹಿಂಸೆ ಕೊಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು.

ಮಾತ್ರೆ ನುಂಗಲು ಒಪ್ಪದವರಿಗೆ ಅದನ್ನು ಪುಡಿಮಾಡಿ ಸಾರಿಗೋ ಕಾಫಿಗೋ ಬೆರೆಸಿ ಕೊಡುವ ಮನೆಗಳಿವೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ರಾತ್ರಿಯಿಡೀ ಎಚ್ಚರವಿದ್ದು ಸೋತುಹೋದವರು ಅವರು. ಆದರೆ ಊಟದಲ್ಲಿ ಏನೋ ಬೆರೆಸಿದ್ದಾರೆ ಎಂಬ ಅನುಮಾನವೇ ಕಾಯಿಲೆಯಾಗಿರುವ ಮಗನಿಗೆ ಒಂದು ದಿನ ಲೋಟದ ತಳದಲ್ಲಿ ಬಿಳಿ ಪುಡಿ ಕಂಡರೆ? ಅಂದಿನಿಂದ ಅಮ್ಮನ ಕೈಯ ಊಟವನ್ನೂ ಅವನು ನಂಬುವುದಿಲ್ಲ. ಮಾತ್ರೆ ಏಕೆ ಬೇಡವೆಂದು ಮೊದಲು ಅವನನ್ನೇ ಕೇಳಬೇಕು. ಬಹಳ ಸಲ ಅವನ ಬಳಿ ಸರಿಯಾದ ಕಾರಣವೇ ಇರುತ್ತದೆ. ಈ ಔಷಧಗಳಲ್ಲಿ ಕೆಲವು ಕೈ ನಡುಗಿಸುತ್ತವೆ. ಕೆಲವು ಒಂದು ಕಡೆ ಕೂರಲು ಬಿಡದಷ್ಟು ಚಡಪಡಿಕೆ ತರುತ್ತವೆ. ಅದನ್ನು ಕಾಯಿಲೆ ಹೆಚ್ಚಾಯಿತೆಂದು ತಿಳಿದು ಮಾತ್ರೆಯ ಪ್ರಮಾಣ ಏರಿಸಿದರೆ ಸಂಕಟ ಇಮ್ಮಡಿಯಾಗುತ್ತದೆ. ಓಲಾಂಜಪೀನ್‌ನಿಂದ ಮೈತೂಕ ಏರುತ್ತದೆ, ರಿಸ್ಪೆರಿಡೋನ್‌ನಿಂದ ಕೆಲವು ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುತ್ತದೆ. ಅಣ್ಣನ ಎದುರು, ಅತ್ತೆಯ ಎದುರು ಇದನ್ನು ಹೇಗೆ ಹೇಳುವುದು? ಒಳ್ಳೆಯ ವೈದ್ಯರು ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಕೇಳುತ್ತಾರೆ. ಪ್ರಮಾಣ ತಗ್ಗಿಸುತ್ತಾರೆ, ಔಷಧ ಬದಲಿಸುತ್ತಾರೆ, ದಿನದಿನದ ಮಾತ್ರೆ ಬೇಸರವಾದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆಯೆಂದು ತಿಳಿಸುತ್ತಾರೆ. ಎರಡು ಔಷಧ ಸರಿಯಾಗಿ ಕೊಟ್ಟರೂ ಗುಣ ಕಾಣದಿದ್ದರೆ, ರಕ್ತಪರೀಕ್ಷೆಯ ಎಚ್ಚರದೊಂದಿಗೆ ಕ್ಲೋಜಪೀನ್ ಪ್ರಯತ್ನಿಸುತ್ತಾರೆ.

ಹೀಗೆ ಕೇಳಿ ತಿಳಿಸುವುದು ವೈದ್ಯರ ಔದಾರ್ಯಕ್ಕೆ ಬಿಟ್ಟ ವಿಷಯವಾಗಿ ಈಗ ಉಳಿದಿಲ್ಲ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಕಾಯಿಲೆ ಏನು, ಕೊಡುವ ಚಿಕಿತ್ಸೆ ಯಾವುದು, ಅದರ ಅಡ್ಡಪರಿಣಾಮಗಳೇನು ಎಂಬುದನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಸರಪಳಿ ಹಾಕುವುದಕ್ಕೂ ಬಲವಂತವಾಗಿ ತಲೆ ಬೋಳಿಸುವುದಕ್ಕೂ ನಿಷೇಧವಿದೆ. ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವುದು ಇನ್ನೊಂದು ಅವಕಾಶ: ಆರೋಗ್ಯ ಚೆನ್ನಾಗಿರುವಾಗಲೇ, ಮುಂದೆ ಕಾಯಿಲೆ ಜೋರಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಬರೆದಿಡಬಹುದು. ಇದನ್ನು ಬರೆದಿಟ್ಟವರು ನಮ್ಮಲ್ಲಿ ವಿರಳ.

ಗುಣವಾಗುವುದುಂಟೇ ಎಂದು ಕೇಳುವವರಿಗೆ ನಮ್ಮ ಮಲೆನಾಡಿನಲ್ಲೇ ಉತ್ತರವಿದೆ. ನಿಮ್ಹಾನ್ಸ್‌ನ ತಂಡವೊಂದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಮೇಲೆ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ, ಸ್ಕಿಜೋಫ್ರೀನಿಯಾ ಇರುವವರನ್ನು ಹಳ್ಳಿಗಳಲ್ಲಿ ಗುರುತಿಸಿ, ಊರಿನ ಹತ್ತಿರದಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿ, ವರ್ಷಗಟ್ಟಲೆ ಅವರ ಸ್ಥಿತಿಯನ್ನು ಗಮನಿಸಿತು. ಚಿಕಿತ್ಸೆ ಮುಂದುವರಿಸಿದವರಲ್ಲಿ ದೈನಂದಿನ ಬದುಕಿನ ಅಸಾಮರ್ಥ್ಯ ಎದ್ದುಕಾಣುವಷ್ಟು ತಗ್ಗಿತ್ತು.

ಒಬ್ಬ ವೈದ್ಯರು ಹೊಂದಿಕೆಯಾಗದಿದ್ದರೆ ಬೇರೆಯವರನ್ನು ನೋಡಲು ಸಂಕೋಚ ಬೇಡ. ಮಾತ್ರೆಯನ್ನು ಮಾತ್ರ ನಡುವೆ ನಿಲ್ಲಿಸಬೇಡಿ. ಹಳೆಯ ಚೀಟಿಗಳನ್ನೆಲ್ಲ ಜೊತೆಗಿಟ್ಟುಕೊಂಡು ಹೋಗಿ. ದೂರದ ಊರಿನವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮೂರಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೇ ಕರೆ ಮಾಡಬೇಕೆಂದಿಲ್ಲ. ಕಾಯಿಲೆಯಿರುವವರೂ ತಾವೇ ಮಾಡಬಹುದು.