ಪುಟಚಿತ್ರಗಳ ಸ್ವರೂಪಾಂತರ ಮತ್ತು ಪಾಠರಕ್ಷಣೆ

ಹಳೆಯ ಗ್ರಂಥಗಳನ್ನೂ ದಾಖಲೆಗಳನ್ನೂ ಚಿತ್ರರೂಪದಲ್ಲಿ ಗಣಕಯಂತ್ರಕ್ಕೆ ಒಪ್ಪಿಸಿಡುವ ಕಾರ್ಯವು ಈಗ ಗ್ರಂಥಾಲಯಗಳಲ್ಲಿಯೂ ಕಚೇರಿಗಳಲ್ಲಿಯೂ ವ್ಯಾಪಕವಾಗಿ ನಡೆಯುತ್ತಿದೆ. ಇದನ್ನು ಯಾವುದೊಂದು ಯಂತ್ರವೂ ಒಂಟಿಯಾಗಿ ಮಾಡಿ ಮುಗಿಸಲಾರದು. ಸ್ಕ್ಯಾನರು ಪುಟದ ಚಿತ್ರವನ್ನು ತೆಗೆಯುತ್ತದೆ; ಭಂಡಾರವ್ಯವಸ್ಥೆಯು ಅದನ್ನು ಕಾಪಾಡುತ್ತದೆ; ಅಕ್ಷರಗಳನ್ನು ಗುರುತಿಸುವ ತಂತ್ರಾಂಶವು ಚಿತ್ರದಿಂದ ಪಠ್ಯವನ್ನು ಹೊರತೆಗೆಯುತ್ತದೆ; ಇನ್ನೊಂದು ವ್ಯವಸ್ಥೆಯು ಅಂತರ್ಜಾಲದ ಮೂಲಕ ಪುಟವನ್ನು ಓದುಗರಿಗೆ ತಲುಪಿಸುತ್ತದೆ. ಇವುಗಳಲ್ಲಿ ಒಂದೊಂದೂ ತನಗೆ ಒಗ್ಗುವ ಕಡತಸ್ವರೂಪವನ್ನು ಅಪೇಕ್ಷಿಸುವುದರಿಂದ, ಸ್ಕ್ಯಾನರಿನಿಂದ ಓದುಗರವರೆಗಿನ ದಾರಿಯಲ್ಲಿ ಒಂದು ಪುಟದ ಚಿತ್ರವು ಹಲವು ಬಾರಿ ರೂಪವನ್ನು ಬದಲಿಸುತ್ತದೆ. ಈ ಬದಲಾವಣೆಗಳು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದೆ ಆಗಿಹೋಗುವಂಥವು. ಹೀಗೆ ರೂಪ ಬದಲಾಗುವಾಗ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ, ಉಳಿಯಬೇಕಾದದ್ದು ಉಳಿದಿದೆಯೆಂದು ನಿಶ್ಚಯಿಸುವ ಬಗೆ ಹೇಗೆ ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಚಿತ್ರದ ಅಳತೆ

ಗಣಕಯಂತ್ರದ ಪಾಲಿಗೆ ಪುಟದ ಚಿತ್ರವೆಂಬುದು ಸಂಖ್ಯೆಗಳ ಒಂದು ಕೋಷ್ಟಕ. ಪುಟವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕದ ಬೆಳಕನ್ನೂ ಬಣ್ಣವನ್ನೂ ಅಳೆದು ಬರೆದಿಡಲಾಗುತ್ತದೆ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಎ4 ಅಳತೆಯ ಹಾಳೆಯನ್ನು ಅಂಗುಲಕ್ಕೆ 300 ಪಿಕ್ಸೆಲ್‌ಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಪಿಕ್ಸೆಲ್‌ಗಳಾಗುತ್ತವೆ. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿಗಳಿಗಾಗಿ ಮೂರು ಬೈಟುಗಳನ್ನು ಮೀಸಲಿಟ್ಟರೆ ಒಂದು ಪುಟಕ್ಕೆ 26 ಮೆಗಾಬೈಟುಗಳಷ್ಟು ಸ್ಥಳ ಬೇಕು. 300 ಪುಟಗಳ ಗ್ರಂಥಕ್ಕೆ 7.8 ಗಿಗಾಬೈಟುಗಳು. ಅದೇ ಪುಟವನ್ನು ಬರಿಯ ಕಪ್ಪು ಬಿಳುಪಾಗಿ, ಪಿಕ್ಸೆಲ್ಲಿಗೆ ಒಂದೇ ಬಿಟ್ಟಿನಂತೆ ಇಟ್ಟರೆ 1.1 ಮೆಗಾಬೈಟು ಸಾಕು. ಸ್ಥಳವನ್ನು ಉಳಿಸಬೇಕೆಂಬ ಒತ್ತಾಯ ಎಲ್ಲಿಂದ ಹುಟ್ಟುತ್ತದೆಂಬುದು ಈ ಲೆಕ್ಕದಿಂದ ವಿಶದವಾಗುತ್ತದೆ.

ಆದರೆ ಉಳಿತಾಯಕ್ಕೂ ಒಂದು ಮಿತಿಯುಂಟು. ಅಂಗುಲಕ್ಕೆ 300 ಪಿಕ್ಸೆಲ್‌ಗಳಿದ್ದಾಗ ಒಂದು ಮಿಲಿಮೀಟರಿಗೆ ಸುಮಾರು 12 ಪಿಕ್ಸೆಲ್‌ಗಳು ದೊರೆಯುತ್ತವೆ. ಅಚ್ಚಿನಲ್ಲಿ 0.2 ಮಿಲಿಮೀಟರು ದಪ್ಪವಿರುವ ಗೆರೆಗೆ ಎರಡು ಮೂರು ಪಿಕ್ಸೆಲ್‌ಗಳು ಸಿಕ್ಕುತ್ತವೆ. ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಆ ಗೆರೆಗೆ ಉಳಿಯುವುದು ಒಂದೇ ಪಿಕ್ಸೆಲ್. ಕನ್ನಡದಲ್ಲಿ ದಕಾರವನ್ನು ಧಕಾರದಿಂದಲೂ, ಬಕಾರವನ್ನು ಭಕಾರದಿಂದಲೂ, ಪಕಾರವನ್ನು ಫಕಾರದಿಂದಲೂ ಬೇರ್ಪಡಿಸುವುದು ಅಕ್ಷರದ ಅಡಿಯಲ್ಲಿರುವ ಇಂಥದೊಂದು ಕಿರಿಯ ಗೀಟು ಮಾತ್ರ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

2. ಪ್ರಚಲಿತ ಸ್ವರೂಪಗಳು

ಸಂಗ್ರಹಕಾರ್ಯದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಟಿಫ್ ಸ್ವರೂಪವನ್ನು 1986ರಲ್ಲಿ ಆಲ್ಡಸ್ ಕಂಪನಿಯು ಪ್ರಕಟಿಸಿತು. ಅದರ ಆರನೆಯ ಪರಿಷ್ಕರಣ 1992ರಲ್ಲಿ ಹೊರಬಂದಿತು. ಟಿಫ್ ಎಂಬುದು ಒಂದು ಪೆಟ್ಟಿಗೆಯಿದ್ದಂತೆ. ಅದರೊಳಗೆ ಪಿಕ್ಸೆಲ್‌ಗಳನ್ನು ಇದ್ದಂತೆಯೇ ಇಡಬಹುದು, ನಷ್ಟವಿಲ್ಲದೆ ಸಂಕೋಚಿಸಿ ಇಡಬಹುದು, ಮುಂದೆ ಹೇಳಲಿರುವ ಜೆಪೆಗ್ ವಿಧಾನದಿಂದ ನಷ್ಟವನ್ನು ಒಪ್ಪಿಕೊಂಡೂ ಇಡಬಹುದು. ಆದಕಾರಣ ಕಡತದ ಹೆಸರಿನ ತುದಿಯಲ್ಲಿ ಟಿಫ್ ಎಂದು ಇದ್ದಮಾತ್ರಕ್ಕೆ ಚಿತ್ರವು ಅಕ್ಷತವಾಗಿದೆಯೆಂದು ತಿಳಿಯಲಾಗದು. ಪೆಟ್ಟಿಗೆಯನ್ನು ತೆರೆದು ನೋಡಿಯೇ ನಿರ್ಧರಿಸಬೇಕು.

ಎರಡನೆಯದು ಪಿಎನ್‌ಜಿ. 1987ರಲ್ಲಿ ಬಂದ ಜಿಐಎಫ್ ಸ್ವರೂಪದಲ್ಲಿ ಒಂದು ಚಿತ್ರಕ್ಕೆ 256 ಬಣ್ಣಗಳ ಮಿತಿಯಿತ್ತು. ಮೇಲಾಗಿ ಅದರ ಸಂಕೋಚನ ವಿಧಾನಕ್ಕೆ ಪೇಟೆಂಟಿನ ತೊಡಕೂ ಇದ್ದಿತು. ಆ ತೊಡಕಿನಿಂದ ಪಾರಾಗಲು ರಚಿತವಾದ ಪಿಎನ್‌ಜಿ 1996ರಲ್ಲಿ ಶಿಫಾರಸಿನ ಪದವಿಯನ್ನು ಪಡೆಯಿತು. ಇದರ ಸಂಕೋಚನವು ನಷ್ಟರಹಿತ; ಬಿಚ್ಚಿದಾಗ ಕಟ್ಟಿದ ಪಿಕ್ಸೆಲ್‌ಗಳೇ ಯಥಾವತ್ತಾಗಿ ಹೊರಬರುತ್ತವೆ. ಇದರ ಮೊದಲ ಎಂಟು ಬೈಟುಗಳು 137, 80, 78, 71, 13, 10, 26, 10 ಎಂದು ನಿಯತವಾಗಿವೆ. ಇವುಗಳಲ್ಲಿ 13, 10 ಎಂಬವು ಸಾಲಿನ ಕೊನೆಯನ್ನು ಸೂಚಿಸುವ ಚಿಹ್ನೆಗಳು. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಕಳುಹಿಸುವಾಗ ಯಾವುದಾದರೂ ಕಾರ್ಯಕ್ರಮವು ಚಿತ್ರವನ್ನು ಪಠ್ಯವೆಂದು ಭ್ರಮಿಸಿ ಸಾಲಿನ ಚಿಹ್ನೆಗಳನ್ನು ಮಾರ್ಪಡಿಸಿದರೆ, ಈ ಮುದ್ರೆಯೇ ಮೊದಲು ಕೆಟ್ಟು ಅಪಾಯವನ್ನು ಸೂಚಿಸಲಿ ಎಂಬ ಮುಂದಾಲೋಚನೆ ಅದರಲ್ಲಿ ಅಡಗಿದೆ.

ಮೂರನೆಯದು 1992ರಲ್ಲಿ ಅಂಗೀಕೃತವಾದ ಜೆಪೆಗ್. ಇದರ ತಳಹದಿಯಾಗಿರುವ ಗಣಿತವಿಧಾನಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಅಮೆರಿಕೆಗೆ ತೆರಳಿದ ನಾಸಿರ್ ಅಹಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಕಟಿಸಿದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ವಿಧಾನವೇ ಅದು. ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಈ ವಿಧಾನದಿಂದ 64 ಅಲೆಗಳ ಮೊತ್ತವಾಗಿ ಬರೆಯುತ್ತದೆ. ಇಲ್ಲಿಯವರೆಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಬಳಿಕ ಪ್ರತಿ ಅಲೆಯ ಪ್ರಮಾಣವನ್ನು ಗೊತ್ತಾದ ಒಂದು ಸಂಖ್ಯೆಯಿಂದ ಭಾಗಿಸಿ ಪೂರ್ಣಾಂಕಕ್ಕೆ ಇಳಿಸಲಾಗುತ್ತದೆ. ಉದಾಹರಣೆಗೆ 37 ಎಂಬ ಪ್ರಮಾಣವನ್ನು 16ರಿಂದ ಭಾಗಿಸಿದರೆ 2.3, ಇದು 2 ಎಂದು ದಾಖಲಾಗುತ್ತದೆ. ಮರಳಿ ಬಿಚ್ಚುವಾಗ ದೊರೆಯುವುದು 32. ನಡುವೆ ಹೋದ 5 ಮತ್ತೆ ಬಾರದು. ನೆರಳು ಬೆಳಕುಗಳು ಮೆಲ್ಲನೆ ಬದಲಾಗುವ ಛಾಯಾಚಿತ್ರದಲ್ಲಿ ಈ ನಷ್ಟ ಕಣ್ಣಿಗೆ ತಿಳಿಯದು. ಬಿಳಿಯ ಹಾಳೆಯ ಮೇಲೆ ಕಪ್ಪು ಅಕ್ಷರದ ಅಂಚು ಥಟ್ಟನೆ ಮುಗಿಯುವಲ್ಲಿ ಮಾತ್ರ ಸುತ್ತಲೂ ಬೂದುಬಣ್ಣದ ಮಬ್ಬು ಕಾಣಿಸಿಕೊಳ್ಳುತ್ತದೆ. ಇಂತಹ ಚಿತ್ರವನ್ನು ಪುನಃ ಟಿಫ್ ಆಗಿ ಪರಿವರ್ತಿಸಿದರೆ ಕಡತದ ಗಾತ್ರವು 26 ಮೆಗಾಬೈಟಿಗೆ ಮರಳಬಹುದು, ವಿವರ ಮರಳುವುದಿಲ್ಲ.

ಎಷ್ಟು ನಷ್ಟವನ್ನು ಸಹಿಸಬಹುದೆಂಬುದನ್ನು ಪರಿವರ್ತಿಸುವವರು ‘ಗುಣಮಟ್ಟ’ವೆಂಬ ಸಂಖ್ಯೆಯಿಂದ ಸೂಚಿಸಬೇಕು. ಅವರು ಸೂಚಿಸದಿದ್ದರೆ ತಂತ್ರಾಂಶವೇ ಒಂದನ್ನು ಆರಿಸಿಕೊಳ್ಳುತ್ತದೆ. ಬಹುಜನಬಳಕೆಯ ಇಮೇಜ್‌ಮ್ಯಾಜಿಕ್ ತಂತ್ರಾಂಶವು, ಮೂಲದಿಂದ ಊಹಿಸಲು ಸಾಧ್ಯವಾಗದಿದ್ದಲ್ಲಿ, 92 ಎಂಬ ಸಂಖ್ಯೆಯನ್ನು ಹಿಡಿಯುತ್ತದೆ. ಒಂದು ಭಂಡಾರದ ಸಾವಿರಾರು ಪುಟಗಳ ಗುಣಮಟ್ಟವು ಹೀಗೆ ಯಾರೂ ಯೋಚಿಸಿ ತೀರ್ಮಾನಿಸದೆಯೇ ನಿರ್ಧಾರವಾಗಿಬಿಡುವುದುಂಟು.

3. ಸದ್ದಿಲ್ಲದೆ ಜಾರುವ ವಿವರಗಳು

ಪಿಕ್ಸೆಲ್‌ಗಳ ಜೊತೆಗೆ ಕಡತದಲ್ಲಿ ಬೇರೆ ಸಂಗತಿಗಳೂ ಇರುತ್ತವೆ. ಪರಿವರ್ತನೆಯಲ್ಲಿ ಇವು ಜಾರಿಹೋಗುವ ಸಂಭವ ಹೆಚ್ಚು. ಒಂದು ಟಿಫ್ ಕಡತದಲ್ಲಿ ಅನೇಕ ಪುಟಗಳಿರಬಹುದು. ಜೆಪೆಗ್ ಕಡತದಲ್ಲಿ ಇರುವುದು ಒಂದೇ. ಅಜಾಗರೂಕತೆಯಿಂದ ಬರೆದ ಕಾರ್ಯಕ್ರಮವು ಮೊದಲ ಪುಟವನ್ನು ಮಾತ್ರ ಪರಿವರ್ತಿಸಿ, ಕೆಲಸ ಸಫಲವಾಯಿತೆಂದು ವರದಿ ಮಾಡುತ್ತದೆ. ಟಿಫ್ ಮತ್ತು ಪಿಎನ್‌ಜಿಗಳು ಒಂದು ಬಣ್ಣಕ್ಕೆ 16 ಬಿಟ್ಟುಗಳಂತೆ 65,536 ಮಟ್ಟಗಳನ್ನು ಹಿಡಿದಿಡಬಲ್ಲವು; ಸಾಮಾನ್ಯ ಬಳಕೆಯ ಜೆಪೆಗ್‌ನಲ್ಲಿ ಅವು 256ಕ್ಕೆ ಇಳಿಯುತ್ತವೆ. ಪಿಎನ್‌ಜಿಯ ಪಾರದರ್ಶಕ ಭಾಗಗಳಿಗೆ ಜೆಪೆಗ್‌ನಲ್ಲಿ ಸ್ಥಾನವಿಲ್ಲ. ಅವು ಕೆಲವೊಮ್ಮೆ ಕಪ್ಪಾಗಿ ಹೊರಬಂದು ಕಪ್ಪು ಅಕ್ಷರಗಳನ್ನು ನುಂಗಿಬಿಡುತ್ತವೆ. ಚಿತ್ರವನ್ನು ಯಾವ ದಿಕ್ಕಿಗೆ ತಿರುಗಿಸಿ ತೋರಿಸಬೇಕೆಂಬ ಸೂಚನೆ ಬಿಟ್ಟುಹೋದರೆ ಪುಟವು ಮಗ್ಗುಲಾಗಿ ಮಲಗುತ್ತದೆ.

ಅಳತೆಯ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬಹುದು. ಟಿಫ್ ಅಂಗುಲಕ್ಕೆ 300 ಎಂದು ನೇರವಾಗಿ ಬರೆದಿಡುತ್ತದೆ. ಪಿಎನ್‌ಜಿ ಮೀಟರಿನ ಲೆಕ್ಕವನ್ನು ಅನುಸರಿಸುವುದರಿಂದ ಅದೇ ಅಳತೆಯು ಮೀಟರಿಗೆ 11,811 ಪಿಕ್ಸೆಲ್ ಎಂಬ ಪೂರ್ಣಾಂಕವಾಗಿ ದಾಖಲಾಗುತ್ತದೆ. ಮರಳಿ ಅಂಗುಲಕ್ಕೆ ತಿರುಗಿಸಿದಾಗ ಬರುವುದು 299.9994. ಮುಂದಿನ ವ್ಯವಸ್ಥೆಯಲ್ಲಿ 300ಕ್ಕೆ ಕಡಿಮೆಯಿರುವ ಚಿತ್ರಗಳನ್ನು ತಿರಸ್ಕರಿಸಬೇಕೆಂಬ ನಿಯಮವನ್ನು ವಿವೇಚನೆಯಿಲ್ಲದೆ ಬರೆದಿದ್ದರೆ, ಯಾವ ದೋಷವೂ ಇಲ್ಲದ ಚಿತ್ರಗಳು ಬಾಗಿಲಲ್ಲಿಯೇ ತಡೆಯಲ್ಪಡುತ್ತವೆ. ಎರಡು ವ್ಯವಸ್ಥೆಗಳು ತಮ್ಮತಮ್ಮಲ್ಲಿ ಸರಿಯಾಗಿದ್ದರೂ ಅವುಗಳ ಕೂಡುನೆಲೆಯಲ್ಲಿ ತಪ್ಪು ಸಂಭವಿಸಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

4. ಅಂಕಿಗಳು ಬದಲಾದ ಪ್ರಕರಣ

ಮೇಲೆ ಹೇಳಿದ ದೋಷಗಳು ಕಣ್ಣಿಗೆ ಬೀಳತಕ್ಕವು. ಕಣ್ಣಿಗೆ ಬೀಳದ ದೋಷ ಇವೆಲ್ಲಕ್ಕಿಂತ ಗಂಭೀರವಾದದ್ದು. 2013ರಲ್ಲಿ ಜರ್ಮನಿಯ ಗಣಕವಿಜ್ಞಾನಿ ಡೇವಿಡ್ ಕ್ರೀಸೆಲ್ ಅಂತಹದೊಂದನ್ನು ಬೆಳಕಿಗೆ ತಂದರು. ಕಟ್ಟಡವೊಂದರ ನಕ್ಷೆಯಲ್ಲಿ ಮೂರು ಕೋಣೆಗಳ ವಿಸ್ತೀರ್ಣಗಳು ಕ್ರಮವಾಗಿ 14.13, 21.11 ಮತ್ತು 17.42 ಚದರ ಮೀಟರು ಎಂದಿದ್ದವು. ಜೆರಾಕ್ಸ್ ಕಂಪನಿಯ ಯಂತ್ರದಿಂದ ಸ್ಕ್ಯಾನ್ ಮಾಡಿದಾಗ ಮೂರೂ ಕೋಣೆಗಳಲ್ಲಿ 14.13 ಎಂದೇ ಬಂದಿತು. ಬೇರೆ ಪುಟಗಳಲ್ಲಿ 6 ಇದ್ದೆಡೆ 8 ಬಂದದ್ದೂ ಕಂಡಿತು. ಅಂಕಿಗಳಲ್ಲಿ ಮಬ್ಬಾಗಲಿ ಅಳಿಸಿದ ಗುರುತಾಗಲಿ ಇರಲಿಲ್ಲ. ತಪ್ಪು ಅಂಕಿಯೂ ಅಚ್ಚುಕಟ್ಟಾಗಿಯೇ ಇದ್ದಿತು.

ಇದಕ್ಕೆ ಕಾರಣ ಜೆಬಿಗ್-2 ಎಂಬ ಸಂಕೋಚನ ಕ್ರಮ. 2000ದಲ್ಲಿ ರೂಪುಗೊಂಡ ಈ ಕ್ರಮವು ಕಪ್ಪು ಬಿಳುಪು ಪುಟಗಳಿಗಾಗಿ ಉದ್ದೇಶಿತವಾದದ್ದು. ಒಂದೇ ಅಕ್ಷರವು ಪುಟದಲ್ಲಿ ನೂರು ಬಾರಿ ಬಂದಿದ್ದರೆ ಅದರ ಆಕಾರವನ್ನು ಒಮ್ಮೆ ಮಾತ್ರ ಇಟ್ಟುಕೊಂಡು, ಉಳಿದೆಡೆಗಳಲ್ಲಿ ಅದನ್ನೇ ಒತ್ತುವ ಸೌಕರ್ಯ ಇದರಲ್ಲಿದೆ. ಮುದ್ರಣಾಲಯದಲ್ಲಿ ಒಂದೇ ಮೊಳೆಯನ್ನು ಅನೇಕ ಸಲ ಬಳಸಿದ ಹಾಗೆ. ಈ ಕ್ರಮವನ್ನು ನಷ್ಟರಹಿತವಾಗಿಯೂ ಬಳಸಬಹುದು. ಆದರೆ ಸ್ಥಳದ ಉಳಿತಾಯಕ್ಕಾಗಿ ‘ಬಹುಮಟ್ಟಿಗೆ ಹೋಲುವ’ ಆಕಾರಗಳನ್ನು ಒಂದೆಂದೇ ಎಣಿಸಲು ಅನುಮತಿಯಿತ್ತರೆ, ಚಿಕ್ಕ ಅಕ್ಷರದ 6 ಮತ್ತು 8 ಒಂದೇ ಎಂದು ಯಂತ್ರವು ತೀರ್ಮಾನಿಸಬಹುದು. ಕಂಪನಿಯು ದೋಷವನ್ನು ಒಪ್ಪಿಕೊಂಡು ತಿದ್ದಿದ ತಂತ್ರಾಂಶವನ್ನು ಒದಗಿಸಿತು. ಕಾಗದದ ಮೂಲವನ್ನು ನಾಶಪಡಿಸಿ ಚಿತ್ರವನ್ನೇ ದಾಖಲೆಯಾಗಿ ಇಡುವ ಸಂದರ್ಭಗಳಲ್ಲಿ ಈ ಕ್ರಮವನ್ನು ಬಳಸಕೂಡದೆಂದು ಜರ್ಮನಿಯ ಮಾಹಿತಿ ಭದ್ರತಾ ಇಲಾಖೆಯ ಮಾರ್ಗಸೂಚಿ ಇಂದು ವಿಧಿಸುತ್ತದೆ.

ಕನ್ನಡದ ಪುಟಗಳ ವಿಷಯದಲ್ಲಿ ಇದು ಇನ್ನೂ ಹೆಚ್ಚಿನ ಎಚ್ಚರಿಕೆಯನ್ನು ಬೇಡುತ್ತದೆ. ‘ಧನ’ ಮತ್ತು ‘ದನ’ಗಳಿಗೆ ಇರುವ ಆಕಾರಭೇದವು 6 ಮತ್ತು 8ರ ಭೇದಕ್ಕಿಂತ ದೊಡ್ಡದಲ್ಲ. ದತ್ತಿಪತ್ರವೊಂದರಲ್ಲಿ ಒಂದರ ಸ್ಥಾನಕ್ಕೆ ಇನ್ನೊಂದು ಬಂದರೆ ವಾಕ್ಯವು ವ್ಯಾಕರಣಶುದ್ಧವಾಗಿಯೇ ಉಳಿಯುತ್ತದೆ, ಅರ್ಥ ಬೇರೆಯಾಗುತ್ತದೆ. ಹಸ್ತಪ್ರತಿಗಳನ್ನು ಪರಿಶೋಧಿಸುವ ವಿದ್ವಾಂಸರಿಗೆ ಲಿಪಿಕಾರರ ಸ್ಖಾಲಿತ್ಯಗಳು ಹೊಸವಲ್ಲ. ಲಿಪಿಕಾರನು ತಪ್ಪಿದಲ್ಲಿ ಅಳಿಸಿದ ಗೀರು, ಅನ್ಯಪ್ರತಿಗಳ ಪಾಠಾಂತರ, ಛಂದಸ್ಸಿನ ಭಂಗ ಇತ್ಯಾದಿ ಸುಳಿವುಗಳಾದರೂ ದೊರೆಯುತ್ತವೆ. ಯಂತ್ರವು ಗದ್ಯದ ಪುಟದಲ್ಲಿ ಮಾಡಿದ ಇಂತಹ ಬದಲಾವಣೆಗೆ ಮೂಲದೊಡನೆ ಹೋಲಿಸುವುದರ ಹೊರತು ಬೇರೆ ಸುಳಿವಿಲ್ಲ.

5. ಮೂರು ಬಗೆಯ ಸಾಮ್ಯ

ಆದುದರಿಂದ ಪರಿವರ್ತನೆ ‘ಸರಿಯಾಗಿದೆ’ ಎನ್ನುವಾಗ ಯಾವ ಅರ್ಥದಲ್ಲಿ ಸರಿ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಇಲ್ಲಿ ಮೂರು ಬಗೆಯ ಸಾಮ್ಯಗಳನ್ನು ಗುರುತಿಸಬಹುದು.

ಮೊದಲನೆಯದು ಕಡತಸಾಮ್ಯ: ಎರಡು ಕಡತಗಳ ಎಲ್ಲ ಬೈಟುಗಳೂ ಒಂದೇ ಆಗಿರುವುದು. ಎಸ್‌ಎಚ್‌ಎ-256ರಂತಹ ಪರೀಕ್ಷಾಸಂಖ್ಯೆಯಿಂದ ಇದನ್ನು ತಿಳಿಯಬಹುದು. ಕಡತವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಿದಾಗ ಈ ಪರೀಕ್ಷೆ ಸಲ್ಲುತ್ತದೆ. ಸ್ವರೂಪ ಬದಲಾದಾಗ ಬೈಟುಗಳು ಬದಲಾಗಲೇಬೇಕಾದ್ದರಿಂದ ಅಲ್ಲಿ ಇದು ಸಲ್ಲದು. ಎರಡನೆಯದು ಬಿಂದುಸಾಮ್ಯ: ಎರಡೂ ಕಡತಗಳನ್ನು ಬಿಚ್ಚಿ ಪಿಕ್ಸೆಲ್‌ಗಳನ್ನು ಒಂದೊಂದಾಗಿ ಹೋಲಿಸಿದಾಗ ವ್ಯತ್ಯಾಸವಿಲ್ಲದಿರುವುದು. ಟಿಫ್‌ನಿಂದ ಪಿಎನ್‌ಜಿಗೆ ಮಾಡಿದ ನಷ್ಟರಹಿತ ಪರಿವರ್ತನೆಯು ಈ ಪರೀಕ್ಷೆಯಲ್ಲಿ ಪೂರ್ಣವಾಗಿ ತೇರ್ಗಡೆಯಾಗತಕ್ಕದ್ದು. ಮೂರನೆಯದು ಪಾಠಸಾಮ್ಯ: ಪಿಕ್ಸೆಲ್‌ಗಳು ಬದಲಾಗಿದ್ದರೂ ಓದುಗನಿಗೆ ಅದೇ ಅಕ್ಷರ, ಅದೇ ಅಂಕಿ ದೊರೆಯುವುದು. ಜೆಪೆಗ್ ಅಥವಾ ಕಪ್ಪು ಬಿಳುಪು ಪ್ರತಿಗಳಿಂದ ನಾವು ನಿರೀಕ್ಷಿಸಬಹುದಾದದ್ದು ಇದೊಂದನ್ನೇ. ಇದನ್ನು ಪರೀಕ್ಷಿಸಲು ಆಯ್ದ ಪುಟಗಳನ್ನು ಮೂಲದೊಡನೆ ಇಟ್ಟು ಮನುಷ್ಯರೇ ಓದಬೇಕು. ಅಂಕಿಗಳು, ಒತ್ತಕ್ಷರಗಳು, ಅಡಿಟಿಪ್ಪಣಿಗಳ ಸಣ್ಣ ಅಚ್ಚು ಇರುವ ಪುಟಗಳನ್ನು ಮೊದಲು ಆರಿಸಿಕೊಳ್ಳುವುದು ಯುಕ್ತ.

6. ಅನುಸರಿಸತಕ್ಕ ಕ್ರಮ

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳು ಸಹಜವಾಗಿಯೇ ಫಲಿಸುತ್ತವೆ. ಸ್ಕ್ಯಾನರಿನಿಂದ ಬಂದ ಚಿತ್ರವನ್ನು ನಷ್ಟರಹಿತವಾಗಿ ಮಾತೃಕೆಯೆಂದು ಇರಿಸಿ, ಅದನ್ನು ಯಾವ ಕಾರ್ಯಕ್ರಮವೂ ತಿದ್ದದಂತೆ ರಕ್ಷಿಸಬೇಕು. ಬೇಕಾದ ಪ್ರತಿಗಳನ್ನೆಲ್ಲ ನೇರವಾಗಿ ಮಾತೃಕೆಯಿಂದಲೇ ತಯಾರಿಸಬೇಕು. ಪ್ರತಿಯಿಂದ ಪ್ರತಿಯನ್ನು ಮಾಡುತ್ತ ಹೋದರೆ ನಷ್ಟವು ಒಂದರ ಮೇಲೊಂದು ಕೂಡುತ್ತದೆ. ಕಡತದ ಸ್ವರೂಪವನ್ನು ಅದರ ಹೆಸರಿನಿಂದ ಊಹಿಸದೆ ಒಳಗಿನ ಬೈಟುಗಳಿಂದ ನಿರ್ಧರಿಸಬೇಕು. ಪ್ರತಿ ಹಂತದ ಮೊದಲೂ ಕೊನೆಯಲ್ಲೂ ಪುಟಗಳ ಸಂಖ್ಯೆ, ಉದ್ದಗಲ, ಬಿಟ್ಟುಗಳ ಆಳ, ದಿಕ್ಕು, ಅಳತೆ ಇವುಗಳನ್ನು ಹೋಲಿಸಿ ನೋಡಬೇಕು. ಯಾವ ತಂತ್ರಾಂಶದ ಯಾವ ಆವೃತ್ತಿಯಿಂದ, ಯಾವ ಗುಣಮಟ್ಟದಲ್ಲಿ ಪರಿವರ್ತನೆಯಾಯಿತೆಂಬುದನ್ನು ದಾಖಲಿಸಬೇಕು. ಮುಂದೆ ದೋಷವೊಂದು ಪತ್ತೆಯಾದಲ್ಲಿ ಯಾವ ಯಾವ ಪುಟಗಳು ಅದಕ್ಕೆ ಒಳಗಾಗಿವೆಯೆಂದು ತಿಳಿಯಲು ಇದು ಆಧಾರವಾಗುತ್ತದೆ. ಕಾಗದದ ಮೂಲವನ್ನು ವಿಲೇವಾರಿ ಮಾಡುವ ಆಲೋಚನೆಯಿದ್ದರೆ, ಪಾಠಸಾಮ್ಯದ ಪರೀಕ್ಷೆ ಮುಗಿಯುವವರೆಗೆ ಅದನ್ನು ತಡೆಹಿಡಿಯಬೇಕು.

ಈ ನಿಯಮಗಳಿಂದ ಸ್ಥಳವೂ ವೇಳೆಯೂ ಹೆಚ್ಚು ಬೇಕಾಗುವುದು ದಿಟ. ಆದರೆ ಮಾತೃಕೆಯು ಅಕ್ಷತವಾಗಿದ್ದಲ್ಲಿ ಕೆಟ್ಟ ಪ್ರತಿಯನ್ನು ಎಂದಾದರೂ ಹೊಸದಾಗಿ ಮಾಡಿಕೊಳ್ಳಬಹುದು. ಮಾತೃಕೆಯೇ ಕೆಟ್ಟ ಮೇಲೆ ಯಾವ ಸ್ವರೂಪದಿಂದಲೂ ಅದನ್ನು ಸರಿಪಡಿಸಲಾಗದು. ನಾವು ಇಂದು ಚಿತ್ರವಾಗಿ ಇಟ್ಟ ಪುಟಗಳಲ್ಲಿ ಕೆಲವಕ್ಕೆ ಮುಂದಿನ ತಲೆಮಾರಿನಲ್ಲಿ ಕಾಗದದ ಮೂಲವೇ ಇಲ್ಲದೆ ಹೋಗಬಹುದು. ಆಗ ಓದುವವರು ನಮ್ಮ ಕಡತದಲ್ಲಿ ಇದ್ದುದನ್ನೇ ಪ್ರಮಾಣವೆಂದು ಸ್ವೀಕರಿಸುತ್ತಾರೆ.