ಅದರಗುಂಚಿಯ ರಾಜಮ್ಮ, ಪ್ರಭಾತದ ಮೈನಾ

ಹುಬ್ಬಳ್ಳಿಯಿಂದ ಬೆಂಗಳೂರಿನ ಹಾದಿ ಹಿಡಿದರೆ, ಶಹರದ ಗದ್ದಲ ತಗ್ಗಿ ಎರಿ ಹೊಲಗಳು ಕಾಣತೊಡಗುವ ಹೊತ್ತಿಗೆ ಅದರಗುಂಚಿ ಬರುತ್ತದೆ. ಏಕೀಕರಣದ ಚರಿತ್ರೆ ಓದಿದವರಿಗೆ ಈ ಊರೆಂದರೆ ಶಂಕರಗೌಡ ಪಾಟೀಲರು. 1953ರಲ್ಲಿ ಕರ್ನಾಟಕ ಒಂದಾಗಬೇಕೆಂದು ಉಪವಾಸ ಕೂತು ಇಡೀ ನಾಡನ್ನು ಬಡಿದೆಬ್ಬಿಸಿದ ಗೌಡರು. ಕನ್ನಡಕ್ಕಾಗಿ ಅನ್ನ ಬಿಟ್ಟವರ ಈ ಊರಿನಲ್ಲೇ, ಅದಕ್ಕೂ ಬಹಳ ಮೊದಲು, ಮರಾಠಿ ಸಿನಿಮಾದ ದೊಡ್ಡ ತಾರೆಯೊಬ್ಬರು ಹುಟ್ಟಿದ್ದರು. 1914ರ ಏಪ್ರಿಲ್ 14ರಂದು. ಮನೆಯಲ್ಲಿ ಇಟ್ಟ ಹೆಸರು ರಾಜಮ್ಮ. ಬೆಳ್ಳಿತೆರೆ ಕೊಟ್ಟ ಹೆಸರು ಶಾಂತಾ ಹುಬಳೀಕರ.

ಆ ಹೆಸರಿನ ಬಾಲವನ್ನು ಸ್ವಲ್ಪ ಗಮನಿಸಬೇಕು. ಹುಬ್ಬಳ್ಳಿಯವರು ಹುಬಳೀಕರ ಆಗುವುದು, ಕುಂದಗೋಳದವರು ಕುಂದಗೋಳಕರ ಆಗುವುದು ಮರಾಠಿಯ ರೂಢಿ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರೈಲು ಹತ್ತಿದರೆ ಬೆಳಗಾವಿ, ಮಿರಜ, ಪುಣೆ. ಹುಬ್ಬಳ್ಳಿಯಲ್ಲಿ ಕ್ಯಾಂಪು ಹಾಕುತ್ತಿದ್ದ ನಾಟಕ ಕಂಪನಿಗಳಲ್ಲಿ ಮರಾಠಿಯವೂ ಸಾಕಷ್ಟು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ಕೂಡ 1934ರಲ್ಲಿ ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಹಾಡು, ನಟನೆ ಬಲ್ಲ ಈ ಭಾಗದ ಮಕ್ಕಳಿಗೆ ಹೊಟ್ಟೆಪಾಡಿನ ದಾರಿ ಬಡಗಣಕ್ಕೇ ತೆರೆದಿತ್ತು. ಬೀಳಗಿಯ ಅಮೀರಬಾಯಿ ಹೋದದ್ದೂ ಅತ್ತಲೇ. ಆಕೆ ಹಿಂದಿ ಹಾಡುಗಾರಿಕೆಯಲ್ಲಿ ಹೆಸರು ಮಾಡಿದರೂ ‘ಕರ್ನಾಟಕಿ’ ಎಂಬುದನ್ನು ಕೊನೆತನಕ ಹೊತ್ತುಕೊಂಡೇ ಇದ್ದರು.

ರಾಜಮ್ಮನಿಗಿಂತ ಒಂದು ತಲೆಮಾರು ಮೊದಲೇ ಈ ದಾರಿ ತುಳಿದವರು ಪಕ್ಕದ ಕುಂದಗೋಳದಲ್ಲಿದ್ದರು: ರಾಮಭಾವು ಕುಂದಗೋಳಕರ. 1886ರಲ್ಲಿ ಹುಟ್ಟಿದ ಅವರು ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ ಹಾಡು ಕಲಿತು, ಮರಾಠಿ ಕಂಪನಿಗಳಲ್ಲಿ ಸೀರೆ ಉಟ್ಟು ಸ್ತ್ರೀ ಪಾರ್ಟು ಮಾಡಿ, ‘ಸವಾಯಿ ಗಂಧರ್ವ’ ಎನ್ನಿಸಿಕೊಂಡರು. ಈಗ ನಾವು ಅವರನ್ನು ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರ ಗುರುವೆಂದಷ್ಟೇ ಪೂಜಿಸುತ್ತೇವೆ, ಸೀರೆ ಉಟ್ಟ ನಟನನ್ನು ಬಹುಮಟ್ಟಿಗೆ ಮರೆತಿದ್ದೇವೆ. ಗಂಡಸರೇ ಹೆಣ್ಣಾಗುತ್ತಿದ್ದ ಆ ರಂಗ ರಾಮಭಾವು ಕಾಲಕ್ಕೆ ಸಹಜ. ರಾಜಮ್ಮನ ಹೊತ್ತಿಗೆ ಹೆಣ್ಣಿನ ಪಾರ್ಟಿಗೆ ಹೆಣ್ಣೇ ಬರತೊಡಗಿದ್ದಳು. ಬಂದವಳಿಗೆ ಚಪ್ಪಾಳೆ ಸಿಗುತ್ತಿತ್ತು, ಮರ್ಯಾದೆ ಸಿಗುತ್ತಿರಲಿಲ್ಲ. ಬಣ್ಣ ಹಚ್ಚಿದವಳೆಂದರೆ ಊರವರ ಹುಬ್ಬು ಮೇಲೇರುತ್ತಿದ್ದ ಕಾಲ ಅದು.

ಚಿಕ್ಕಂದಿನಲ್ಲೇ ತಾಯಿತಂದೆ ಕಳೆದುಕೊಂಡ ಹುಡುಗಿ ಹಾಡು ಕಲಿತು, ನಾಟಕಕ್ಕೆ ಬಂದು, ಅಲ್ಲಿಂದ ಮೂವತ್ತರ ದಶಕದ ನಡುವೆ ಸಿನಿಮಾ ಸೇರಿದಳು. ಮೊದಮೊದಲು ಸಣ್ಣಪುಟ್ಟ ಪಾತ್ರಗಳು. ಪುಣೆಯ ಪ್ರಭಾತ ಫಿಲ್ಮ್ ಕಂಪನಿಗೆ ಕಾಲಿಟ್ಟ ಮೇಲೆ ದಿಕ್ಕು ಬದಲಾಯಿತು. 1938ರ ‘ಮಾಝಾ ಮುಲ್ಗಾ’ದಲ್ಲಿ ಶಾಹೂ ಮೋಡಕರ ಜೋಡಿ. ಮರುವರ್ಷ ‘ಮಾಣೂಸ್’. ಅದನ್ನೇ ಹಿಂದಿಯಲ್ಲಿ ‘ಆದ್ಮಿ’ ಎಂದು ತೆಗೆದರು. ನಿರ್ದೇಶಕರು ವಿ. ಶಾಂತಾರಾಂ.

‘ಮಾಣೂಸ್’ ನೋಡದೆ ಶಾಂತಾಬಾಯಿಯ ಎತ್ತರ ತಿಳಿಯುವುದಿಲ್ಲ. ನಾಲ್ಕು ವರ್ಷ ಹಿಂದೆ ಬಂದಿದ್ದ ‘ದೇವದಾಸ’ ಪ್ರೇಮಕ್ಕಾಗಿ ಕುಡಿದು ಸಾಯುವ ಗಂಡಿನ ಕಥೆ ಹೇಳಿ ದೇಶವನ್ನೇ ಅಳಿಸಿತ್ತು. ಶಾಂತಾರಾಂ ಅದಕ್ಕೆ ಉತ್ತರ ಕೊಡಲು ಹೊರಟರು. ಇಲ್ಲಿ ನಾಯಕ ಗಣಪತ ಎಂಬ ಸಾದಾ ಪೊಲೀಸ್ ಪೇದೆ. ಸೂಳೆಗೇರಿಯ ದಾಳಿಯಲ್ಲಿ ಅವನ ಕೈಗೆ ಸಿಕ್ಕವಳು ಮೈನಾ. ಅವಳನ್ನು ಪಾರುಮಾಡುತ್ತಾನೆ, ಮನಸ್ಸು ಕೊಡುತ್ತಾನೆ, ತಾಯಿಯ ಮುಂದೆ ತಂದು ನಿಲ್ಲಿಸುತ್ತಾನೆ. ದೇವರು ದಿಂಡರೆಂದು ಬದುಕಿದ ಆ ಮುದುಕಿಯ ಮನೆಯಲ್ಲಿ ಮೈನಾಳಿಗೆ ಉಸಿರು ಕಟ್ಟುತ್ತದೆ, ತಾನು ಇಲ್ಲಿಗೆ ಸಲ್ಲುವವಳಲ್ಲ ಎಂದು ತಾನೇ ತೀರ್ಮಾನಿಸಿಬಿಡುತ್ತಾಳೆ. ಪೀಡಿಸುತ್ತಿದ್ದ ಮಾಮನನ್ನು ಕೊಂದ ಮೇಲೆ, ಬಿಡಿಸಲು ಬಂದ ಗಣಪತನನ್ನೂ ವಾಪಸು ಕಳಿಸಿ ಶಿಕ್ಷೆಗೆ ಕೊರಳೊಡ್ಡುತ್ತಾಳೆ. ಪ್ರೇಮಕ್ಕೆ ಬಲಿಯಾಗದೆ ಕೆಲಸಕ್ಕೆ ಮರಳುವ ಗಂಡು ಎಂಬುದು ಶಾಂತಾರಾಂ ಉದ್ದೇಶ ಇರಬಹುದು. ಸಿನಿಮಾ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವವಳು ಮಾತ್ರ ಮೈನಾ.

ಒಂದು ದೃಶ್ಯ ಹೇಳಲೇಬೇಕು. ಮೈನಾ, ಗಣಪತ ಇಬ್ಬರೂ ಹೊರಗೆ ಸುತ್ತಾಡುವಾಗ ಎಲ್ಲೋ ಸಿನಿಮಾದ ಶೂಟಿಂಗ್ ನಡೆದಿರುತ್ತದೆ. ಮರದಡಿ ನಾಯಕ ನಾಯಕಿ ಕಣ್ಣರಳಿಸಿ ಪ್ರೇಮಗೀತೆ ಹಾಡುತ್ತಿದ್ದಾರೆ. ಬಾಂಬೆ ಟಾಕೀಸಿನ ನಯನಾಜೂಕು ಶೈಲಿಯನ್ನು ಶಾಂತಾರಾಂ ಚಿವುಟಿದ್ದು ಹಾಗೆ. ಇವರಿಬ್ಬರೂ ಅದನ್ನು ನೋಡಿ, ಹಾಗೆಯೇ ನಟಿಸಿ ಅಣಕಿಸುತ್ತಾರೆ. ಕಂಪನಿ ನಾಟಕದಲ್ಲಿ ಪಳಗಿದವರಿಗೆ ಅಣಕ ಕಲಿಸಬೇಕಾಗಿಲ್ಲ ಎಂಬುದು ಶಾಂತಾಬಾಯಿಯನ್ನು ನೋಡಿದರೆ ಗೊತ್ತಾಗುತ್ತದೆ.

ಆದರೆ ಅವರಿಗೆ ಅಂಟಿಕೊಂಡದ್ದು ಅದೇ ಚಿತ್ರದ ಇನ್ನೊಂದು ಹಾಡು, ‘ಕಶಾಲಾ ಉದ್ಯಾಚೀ ಬಾತ್’. ನಾಳಿನ ಮಾತು ಯಾತಕ್ಕೆ ಎಂಬ ಅರ್ಥ. ಸಂಗೀತ ಮಾಸ್ಟರ್ ಕೃಷ್ಣರಾವ್ ಅವರದು, ಮಾತು ಅನಂತ ಕಾಣೇಕರರದು. ಗಿರಾಕಿಗಳ ಮುಂದೆ ಮೈನಾ ಹಾಡುತ್ತ ಹೋಗುತ್ತಾಳೆ, ಹಾಡು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುತ್ತದೆ: ನಾನಾ ಪ್ರಾಂತದ ಗಂಡಸರು ಬಂದು ಹೋಗುವ ಜಾಗ ಅದು ಎಂಬುದನ್ನು ಬೇರೆ ಮಾತಿಲ್ಲದೆ ಹೇಳುವ ಉಪಾಯ. ಹಾಡಿದವರು ತೆರೆಯ ಮೇಲಿದ್ದ ಶಾಂತಾಬಾಯಿಯೇ. ತುಟಿಯಂಚಿನಲ್ಲಿ ನಗು, ಕಣ್ಣಲ್ಲಿ ದಣಿವು. ಮನೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಮರಾಠಿ, ಹಿಂದಿ ಎಂದು ಬದುಕಿದವರ ಬಾಯಲ್ಲಿ ಭಾಷೆಗಳು ಅಷ್ಟು ಸಲೀಸಾಗಿ ಹೊರಳಿದ್ದರಲ್ಲಿ ಆಶ್ಚರ್ಯವಿಲ್ಲ.

ಕನ್ನಡಕ್ಕೂ ಅವರು ಬಂದರು, 1942ರಲ್ಲಿ. ಗುಬ್ಬಿ ವೀರಣ್ಣನವರ ‘ಜೀವನ ನಾಟಕ’; ಬರೆದವರು ಅ.ನ.ಕೃ. ನಿರ್ದೇಶನ ವಹಾಬ್ ಕಾಶ್ಮೀರಿ ಅವರದು, ತೆರೆಯ ಮೇಲೆ ಜೊತೆಗೆ ಕೆಂಪರಾಜ ಅರಸ್. ರಂಗಭೂಮಿಯವರ ಬದುಕಿನದೇ ಕಥೆ. ಪುರಾಣವೇ ತುಂಬಿದ್ದ ಕಾಲದಲ್ಲಿ ಬಂದ ಸಾಮಾಜಿಕ ಚಿತ್ರ. ಆದರೂ ಕನ್ನಡ ಪ್ರೇಕ್ಷಕರು ಅವರನ್ನು ತಮ್ಮವರೆಂದು ಹಿಡಿದಿಟ್ಟುಕೊಳ್ಳಲಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರಗಳೂ ಬಾರದಿದ್ದ ದಿನಗಳಲ್ಲಿ ಹಿಡಿದಿಟ್ಟುಕೊಳ್ಳಲು ಏನಿತ್ತು ಎಂಬುದೂ ನಿಜ.

ಮುಂದಿನದು ಇಳಿಜಾರು. ನಲವತ್ತರ ದಶಕದಲ್ಲಿ ಇನ್ನೂ ಕೆಲವು ಚಿತ್ರಗಳು ಬಂದವು, ‘ಮಾಣೂಸ್’ನಂಥದು ಮತ್ತೆ ಬರಲಿಲ್ಲ. ಅವಕಾಶ ಕಡಿಮೆಯಾಯಿತು, ದುಡ್ಡು ಕರಗಿತು. ಒಂದು ಕಾಲಕ್ಕೆ ಊರೂರಿನ ಪೋಸ್ಟರುಗಳ ಮೇಲಿದ್ದ ಮುಖ ವೃದ್ಧಾಶ್ರಮ ಸೇರಿತು. ಹಾಡು ಮಾತ್ರ ಮಹಾರಾಷ್ಟ್ರದ ಮನೆಮನೆಯಲ್ಲಿ ಕೇಳುತ್ತಲೇ ಇತ್ತು.

1990ರಲ್ಲಿ ಅವರ ಆತ್ಮಕಥೆ ಅಚ್ಚಾಯಿತು. ಅದಕ್ಕೆ ಇಟ್ಟ ಹೆಸರು ಆ ಹಾಡಿನದೇ, ‘ಕಶಾಲಾ ಉದ್ಯಾಚೀ ಬಾತ್’. ಅದರಗುಂಚಿಯ ರಾಜಮ್ಮ ತನ್ನ ಕಥೆ ಹೇಳಿಕೊಂಡದ್ದು ಮರಾಠಿಯಲ್ಲಿ. ಎರಡು ವರ್ಷದ ಮೇಲೆ, 1992ರ ಜುಲೈ 17ರಂದು, ಅವರು ತೀರಿಕೊಂಡರು.